ಬೇಸಾಯಗಾರನ ಚಿಂತಾಭಾರವೂ ಅದನ್ನು ಇಳಿಸುವ ಬಗೆಯೂ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಆ ಸಂತೆಗೆ ಮಾಲು ಹೇರಿಕೊಂಡು ಬಂದ ಬೇಸಾಯಗಾರನಿಗೆ ನಿದ್ದೆಯೆಲ್ಲಿಯದು? ಧಾರಣೆ ಏನಾಗುವುದೋ, ತೂಕದಲ್ಲಿ ಎಷ್ಟು ಹೋಗುವುದೋ, ಬಂದ ಹಣದಲ್ಲಿ ಸಾಹುಕಾರನ ಕಂತು ಕಳೆದು ಮುಂದಿನ ಬಿತ್ತನೆಗೆ ಏನು ಉಳಿಯುವುದೋ ಎಂಬ ಯೋಚನೆಯು ಅವನನ್ನು ಬಿಡದು. ಬಿತ್ತುವ ಮೊದಲು ಮಳೆಯ ಚಿಂತೆ, ಬಿತ್ತಿದ ಮೇಲೆ ಹುಳುವಿನ ಚಿಂತೆ, ಕೊಯ್ದ ಮೇಲೆ ಬೆಲೆಯ ಚಿಂತೆ. ಇವುಗಳ ನಡುವೆ ಮಗಳ ಮದುವೆ, ಮಗನ ಓದು, ಬದುವಿನ ವ್ಯಾಜ್ಯ.

ಬೀಜ, ಗೊಬ್ಬರ, ನೇಗಿಲು, ಜಾನುವಾರು ಇವುಗಳ ವಿಷಯವಾಗಿ ಬೇಸಾಯದ ಪತ್ರಿಕೆಗಳಲ್ಲಿ ಬರೆಯುವುದು ವಾಡಿಕೆಯಾಗಿದೆ. ಈ ಸಾಧನಗಳನ್ನೆಲ್ಲ ನಡೆಸತಕ್ಕ ಮನಸ್ಸಿನ ವಿಷಯವಾಗಿ ಬರೆಯುವುದು ಅಪೂರ್ವ. ಎತ್ತು ಕುಂಟಿದರೆ ಆ ದಿನವೇ ಪಶುವೈದ್ಯನನ್ನು ಕರೆಯಿಸುವ ಯಜಮಾನನು, ತಾನು ಮೂರು ತಿಂಗಳಿಂದ ಸರಿಯಾಗಿ ನಿದ್ರೆಮಾಡದೆ ಇದ್ದರೂ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಅದು ಹಣೆಯಬರಹವೆಂದೂ, ಗಂಡಸಾದವನು ಬಾಯಿಬಿಟ್ಟು ಹೇಳತಕ್ಕ ವಿಷಯವಲ್ಲವೆಂದೂ ಸುಮ್ಮನಿರುವನು. ಈ ಸುಮ್ಮನಿರುವಿಕೆಯಿಂದ ಬೇಸಾಯಕ್ಕೇ ಉಂಟಾಗುವ ನಷ್ಟವೇನೆಂಬುದನ್ನೂ, ಅದನ್ನು ತಗ್ಗಿಸಲು ಗ್ರಾಮದ ಯಜಮಾನರೂ ಜಮೀನುದಾರರೂ ಮಾಡಬಹುದಾದುದೇನೆಂಬುದನ್ನೂ ಇಲ್ಲಿ ಬರೆಯಲಾಗಿದೆ.

ಮೊದಲು ಶರೀರದ ಮಾತು. ಹೊಲದಲ್ಲಿ ಹಾವನ್ನು ಕಂಡಾಗ ಎದೆ ಬಡಿದುಕೊಳ್ಳುವುದು, ಉಸಿರು ತೀವ್ರವಾಗುವುದು, ಅಂಗೈ ಬೆವರುವುದು ಎಲ್ಲರ ಅನುಭವದಲ್ಲಿಯೂ ಉಂಟು. ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಎರಡು ಚಿಕ್ಕ ಗ್ರಂಥಿಗಳು ರಕ್ತಕ್ಕೆ ಬಿಡುವ ರಸಗಳು ಇದಕ್ಕೆ ಮುಖ್ಯ ಕಾರಣ. ಓಡುವುದಕ್ಕಾಗಲಿ ಹೊಡೆಯುವುದಕ್ಕಾಗಲಿ ದೇಹವನ್ನು ಅಣಿಮಾಡುವುದೇ ಅವುಗಳ ಕೆಲಸ. ಹಾವು ಸರಿದುಹೋದ ಮೇಲೆ ದೇಹವು ಮೊದಲಿನ ಸ್ಥಿತಿಗೆ ಬರುವುದು. ಕಷ್ಟದ ನಿಮಿತ್ತ ಯಾವುದೇ ಆಗಿರಲಿ, ದೇಹವು ಬಹುಮಟ್ಟಿಗೆ ಒಂದೇ ಬಗೆಯಾಗಿ ಅದಕ್ಕೆ ಎದುರು ನಿಲ್ಲುವುದೆಂದೂ, ಕಷ್ಟವು ಬಹುಕಾಲ ಮುಂದುವರಿದರೆ ದೇಹವೇ ಸವೆಯುವುದೆಂದೂ ಹಾನ್ಸ್ ಸೆಲ್ಯೆ ಎಂಬ ವಿದ್ವಾಂಸನು ೧೯೩೬ರಲ್ಲಿ ಮೊದಲ್ಗೊಂಡು ವಿವರಿಸಿದನು. ಸಾಲದ ಚಿಂತೆಯು ಹಾವಿನಂತೆ ಸರಿದುಹೋಗುವುದಲ್ಲ. ಅದು ಹಾಸಿಗೆಯಲ್ಲಿಯೂ ಜೊತೆಗಿರುವುದು. ಹೀಗಾಗಿ ರಕ್ತದ ಒತ್ತಡ ಏರುವುದು, ಹಸಿವು ಕೆಡುವುದು, ನಿದ್ರೆ ಕೆಡುವುದು, ಅಲ್ಪ ಮಾತಿಗೂ ಸಿಟ್ಟು ಬರುವುದು ಇವೆಲ್ಲ ಕ್ರಮವಾಗಿ ಕಾಣಿಸಿಕೊಳ್ಳುತ್ತವೆ.

ಶರೀರಕ್ಕಿಂತಲೂ ಬುದ್ಧಿಗೆ ತಗಲುವ ಪೆಟ್ಟು ನಮಗೆ ಹೆಚ್ಚು ಮುಖ್ಯವಾದುದು. ಈ ವಿಷಯದಲ್ಲಿ ನಮ್ಮ ನೆರೆಯ ತಮಿಳುನಾಡಿನಲ್ಲಿ ನಡೆದ ಒಂದು ಪರೀಕ್ಷೆಯು ಪ್ರತಿಯೊಬ್ಬ ಜಮೀನುದಾರನೂ ತಿಳಿದಿರಬೇಕಾದುದು. ವಿಳುಪ್ಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ ೫೪ ಗ್ರಾಮಗಳಲ್ಲಿ ೪೬೪ ಮಂದಿ ಕಬ್ಬಿನ ಬೆಳೆಗಾರರನ್ನು ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೋ ಎಂಬ ನಾಲ್ವರು ಪರೀಕ್ಷಿಸಿ, ಅದರ ಫಲವನ್ನು ೨೦೧೩ರಲ್ಲಿ ಪ್ರಕಟಿಸಿದರು. ಕಬ್ಬಿನವನಿಗೆ ಹಣ ಬರುವುದು ವರ್ಷಕ್ಕೊಮ್ಮೆ. ಕಟಾವಿಗೆ ಮುಂಚಿನ ದಿನಗಳಲ್ಲಿ ಕೈ ಬರಿದಾಗಿ ಒಡವೆ ಪಾತ್ರೆಗಳು ಗಿರವಿಗೆ ಹೋಗಿರುತ್ತವೆ. ಕಟಾವಾದ ಮೇಲೆ ಕೈಯಲ್ಲಿ ಕಾಸು ಆಡುತ್ತದೆ. ಈ ಪಂಡಿತರು ಅದೇ ಬೆಳೆಗಾರನನ್ನು ಕಟಾವಿಗೆ ಮೊದಲೊಂದು ಸಲ, ಕಟಾವಾದ ಮೇಲೊಂದು ಸಲ ಕಂಡು, ಒಂದು ತುಂಡು ಬಿಟ್ಟುಹೋದ ಚಿತ್ರವನ್ನು ಪೂರ್ಣಗೊಳಿಸುವುದು, ಅಂಕಿಗಳನ್ನು ಎಣಿಸಿ ಥಟ್ಟನೆ ಹೇಳುವುದು ಮೊದಲಾದ ಸಣ್ಣ ಬುದ್ಧಿಪರೀಕ್ಷೆಗಳನ್ನು ಕೊಟ್ಟರು. ಮನುಷ್ಯನು ಅವನೇ, ತಲೆಯೂ ಅದೇ. ಆದರೂ ಕಟಾವಿಗೆ ಮೊದಲು ಅವನು ಹೆಚ್ಚು ತಪ್ಪಿದನು, ಹೆಚ್ಚು ಹೊತ್ತು ತೆಗೆದುಕೊಂಡನು. ಕಟಾವಾದ ಮೇಲೆ ಚುರುಕಾದನು.

ಋತುಭೇದದಿಂದ ಹೀಗಾಗಿರಬಹುದೆಂದು ಯಾರಾದರೂ ಹೇಳಬಹುದು. ಆದರೆ ಕಬ್ಬು ಕಡಿಯುವ ದಿನವನ್ನು ಕಾರ್ಖಾನೆಯವರು ಒಬ್ಬೊಬ್ಬರಿಗೆ ಒಂದೊಂದಾಗಿ ಗೊತ್ತುಮಾಡುವುದರಿಂದ, ಒಂದೇ ತಿಂಗಳಿನಲ್ಲಿ ಕೆಲವರದು ಕಟಾವಾಗಿರುತ್ತದೆ, ಕೆಲವರದು ಆಗಿರುವುದಿಲ್ಲ. ಆದಕಾರಣ ಬಿಸಿಲು ಮಳೆಗಳ ಮೇಲೆ ಈ ದೋಷವನ್ನು ಹೊರಿಸುವುದು ಕಷ್ಟ. ಈ ಪರೀಕ್ಷೆಯ ಲೆಕ್ಕಾಚಾರಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆಯಾದರೂ, ಅದರ ತಾತ್ಪರ್ಯವನ್ನು ಹಳ್ಳಿಯಲ್ಲಿ ಬಾಳಿದವರಾರೂ ಅಲ್ಲಗಳೆಯಲಾರರು. ಬಡತನದಲ್ಲಿ ಸಿಕ್ಕಿದವನು ಬುದ್ಧಿಗೇಡಿಯಾದ್ದರಿಂದ ಸಿಕ್ಕಿದನೆಂದು ಜಗಲಿಯ ಮೇಲೆ ಕುಳಿತು ಆಡುವ ಮಾತು ಎಷ್ಟು ಅನ್ಯಾಯವಾದುದೆಂಬುದು ಇದರಿಂದ ತಿಳಿಯುವುದು. ಬುದ್ಧಿಯು ಇದ್ದಲ್ಲಿಯೇ ಇದೆ. ಅದರ ಬಹುಪಾಲನ್ನು ಚಿಂತೆಯು ಉಳುತ್ತಿದೆ.

ಇದರಿಂದ ಗ್ರಾಮದ ಹಿರಿಯರು ಗ್ರಹಿಸಬೇಕಾದ ಒಂದು ವ್ಯಾವಹಾರಿಕ ಸಂಗತಿಯುಂಟು. ಜಮೀನಿನ ಕ್ರಯ, ಭೋಗ್ಯ, ಜಾಮೀನು, ಪಾಲುಪತ್ರ, ಕೊಳವೆಬಾವಿಯ ಸಾಲ ಮುಂತಾದವುಗಳಿಗೆ ರೈತನು ಸಾಮಾನ್ಯವಾಗಿ ಯಾವಾಗ ರುಜು ಹಾಕುತ್ತಾನೆ? ಕೈ ಬರಿದಾಗಿರುವ ಮುಂಗಾರಿನ ಮೊದಲಲ್ಲಿ, ಅಂದರೆ ಅವನ ಬುದ್ಧಿಯು ಅತ್ಯಂತ ದಣಿದಿರುವ ಕಾಲದಲ್ಲಿ. ಇಂಥ ಪತ್ರಗಳಿಗೆ ಸಾಕ್ಷಿ ಹಾಕಲು ಕರೆ ಬಂದಾಗ ಹಿರಿಯರಾದವರು ಎಂಟು ದಿನದ ಗಡುವು ಕೇಳಿ, ಪತ್ರವನ್ನು ಮನೆಯವರೆಲ್ಲರ ಎದುರು ಓದಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಎಷ್ಟೋ ಮನೆಗಳು ಉಳಿಯುವುವು. ೧೯೬೧ರ ಕಾಯಿದೆಯಿಂದ ಪಟೇಲಿಕೆ ಶಾನುಭೋಗಿಕೆಗಳು ರದ್ದಾದುವು, ನಿಜ. ಆದರೆ ಸಾಕ್ಷಿಗೆ ಯಾರನ್ನು ಕರೆಯಬೇಕೆಂಬುದನ್ನು ಊರು ಮರೆತಿಲ್ಲ.

ಇನ್ನು ಚಿಂತೆಯನ್ನು ಇಳಿಸುವ ಬಗೆ. ಚಿಂತಿಸಬೇಡವೆಂದು ಹೇಳುವುದರಷ್ಟು ಸುಲಭವಾದ ಉಪದೇಶ ಮತ್ತೊಂದಿಲ್ಲ, ಅದರಷ್ಟು ನಿಷ್ಪ್ರಯೋಜಕವಾದದ್ದೂ ಇಲ್ಲ. ಮಾಡಬಹುದಾದದ್ದೆಂದರೆ, ಇದಕ್ಕೆ ನನ್ನ ಕೈಯಲ್ಲಿ ಉಪಾಯವಿದೆಯೇ ಇಲ್ಲವೇ ಎಂದು ಚಿಂತೆಯನ್ನು ಮೊದಲು ಬೇರ್ಪಡಿಸುವುದು.

ಉಪಾಯವಿರುವ ಚಿಂತೆಗೆ ಮಲೆನಾಡಿನ ಅಡಕೆಯ ತೋಟದಷ್ಟು ಒಳ್ಳೆಯ ದೃಷ್ಟಾಂತ ಬೇರೆ ದೊರೆಯದು. ಹಿಂದಿನ ಕಾಲದಲ್ಲಿ ಮಳೆ ಹಿಡಿಯಿತೆಂದರೆ ತೋಟದವರಿಗೆ ಕೊಳೆರೋಗದ ಭೀತಿ. ಬೆಳಿಗ್ಗೆ ಎದ್ದು ಮರದಡಿಯಲ್ಲಿ ಎಷ್ಟು ಕಾಯಿ ಉದುರಿದೆಯೆಂದು ನೋಡುವುದೇ ಒಂದು ಯಾತನೆ. ಕೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುವುದೊಂದೇ ದಾರಿಯಾಗಿತ್ತು. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ೧೯೧೩ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಲೆಸ್ಲಿ ಕೋಲ್ಮನ್ ಸಾಹೇಬರು ಈ ರೋಗವನ್ನು ಅಭ್ಯಾಸಮಾಡಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಕೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ೧೦೦ ಲೀಟರು ನೀರಿಗೆ ಮೈಲುತುತ್ತ ೧ ಕಿಲೋ, ಸುಣ್ಣ ೧ ಕಿಲೋ; ಮಳೆಗಾಲದ ಆರಂಭಕ್ಕೆ ಒಂದು ಸಲ, ೪೦-೪೫ ದಿನಗಳ ತರುವಾಯ ಮತ್ತೊಂದು ಸಲ. ಕೊನೆಗೌಡನು ಮರವೇರಿ ಔಷಧಿ ಹೊಡೆದು ಇಳಿದ ದಿನ ಯಜಮಾನನಿಗೆ ಬರುವ ನಿದ್ರೆಯನ್ನು ತೋಟದವರೇ ಬಲ್ಲರು. ರೋಗವು ಪೂರ್ಣವಾಗಿ ಹೋಯಿತೆಂದಲ್ಲ. ಮಳೆ ಬಿಡದೆ ಸುರಿದ ವರ್ಷ ಈಗಲೂ ಕೊಳೆ ಬರುವುದುಂಟು. ಆದರೆ ಕೈಲಾದುದನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದೇನೆಂಬ ತಿಳಿವಿಗೂ, ಇಂದು ನಾಳೆಯೆನ್ನುತ್ತ ಮೈಲುತುತ್ತವನ್ನು ತರದೆ ಮಾಳಿಗೆಯಲ್ಲಿ ಹೊರಳಾಡುವುದಕ್ಕೂ ಬಹಳ ಅಂತರವಿದೆ.

ಮಳೆಯ ಚಿಂತೆಯು ಇನ್ನೊಂದು ಜಾತಿಯದು. ರೋಹಿಣಿಯಲ್ಲಿ ಬರಲಿಲ್ಲ, ಮೃಗಶಿರ ಹೋಯಿತು, ಆರಿದ್ರೆಯೂ ಬರಿದಾಯಿತೆಂದು ಆಕಾಶವನ್ನು ನೋಡುತ್ತ ಕುಳಿತವನು ಮೋಡವನ್ನು ಎಳೆದು ತರಲಾರನು. ಇಲ್ಲಿ ಚಿಂತೆಯ ಮೂಲವನ್ನಲ್ಲ, ಅದರ ತೂಕವನ್ನು ಕಡಮೆಮಾಡಬಹುದು. ನಮ್ಮ ಹಿರಿಯರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲುಗಳನ್ನು ಬಿತ್ತುತ್ತಿದ್ದುದು ಇದೇ ವಿವೇಕದಿಂದ. ಒಂದು ಕೈಕೊಟ್ಟರೆ ಮತ್ತೊಂದು ಮನೆಯನ್ನು ಹಿಡಿಯುವುದು. ವರ್ಷಕ್ಕೊಮ್ಮೆ ಬರುವ ಒಂದೇ ಹಣವನ್ನು ನೆಚ್ಚಿಕೊಂಡ ಮನೆಗಿಂತ, ಹಾಲಿನ ಸಂಘದಿಂದ ಆಗಾಗ್ಗೆ ನಾಲ್ಕು ಕಾಸು ಬರುವ ಮನೆಯಲ್ಲಿ, ಅಥವಾ ಹಿಪ್ಪನೇರಳೆ ಇಟ್ಟು ವರ್ಷಕ್ಕೆ ಹಲವು ಸಲ ಗೂಡು ಕಟ್ಟಿಸುವ ಮನೆಯಲ್ಲಿ, ಒಟ್ಟು ಆದಾಯ ಅಷ್ಟೇ ಇದ್ದರೂ ನೆಮ್ಮದಿ ಹೆಚ್ಚು. ಕಾಯುವ ದಿನಗಳು ಕಡಮೆಯಾಗುವುದೇ ಇದಕ್ಕೆ ಕಾರಣ.

ಬೆಳೆಯ ವಿಮೆಯನ್ನೂ ಇಲ್ಲಿಯೇ ಸೇರಿಸಬಹುದು. ೨೦೧೬ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲಿನ ಕಂತು ವಿಮಾ ಮೊಬಲಗಿನ ಮೇಲೆ ಮುಂಗಾರಿನ ಆಹಾರ ಬೆಳೆಗಳಿಗೆ ನೂರಕ್ಕೆ ೨, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ೫ ಎಂದು ಗೊತ್ತುಮಾಡಿದೆ. ಆಲಿಕಲ್ಲು, ನೆರೆ ಮುಂತಾದ ಸ್ಥಳೀಯ ವಿಪತ್ತಿನಿಂದಾಗಲಿ, ಕೊಯ್ದು ಹರವಿದ ಪೈರು ೧೪ ದಿನದೊಳಗೆ ಅಕಾಲದ ಮಳೆಯಿಂದಾಗಲಿ ಹಾಳಾದರೆ ೭೨ ಗಂಟೆಗಳೊಳಗೆ ತಿಳಿಸತಕ್ಕದ್ದೆಂಬ ನಿಯಮವುಂಟು. ಎಷ್ಟೋ ರೈತರು ಕಂತನ್ನು ಕಟ್ಟಿಯೂ ಈ ೭೨ ಗಂಟೆಗಳನ್ನು ಹಣೆಯ ಮೇಲೆ ಕೈಯಿಟ್ಟುಕೊಂಡು ಕಳೆದುಬಿಡುತ್ತಾರೆ. ಅಂಥ ಸಮಯದಲ್ಲಿ ಅವರ ಪರವಾಗಿ ತಿಳಿಸುವ ಏರ್ಪಾಟನ್ನು ಗ್ರಾಮದ ಓದುಬಲ್ಲ ಹುಡುಗರಿಗೆ ವಹಿಸುವುದು ಯುಕ್ತ. ವಿಮೆಯ ಹಣವು ತಡವಾಗಿ ಬರುವುದೆಂಬ ದೂರು ಸುಳ್ಳಲ್ಲ. ಆದರೂ ತಡವಾಗಿ ಬರುವುದು ಬಾರದಿರುವುದಕ್ಕಿಂತ ಮೇಲು.

ಸಾಲದ ವಿಷಯಕ್ಕೆ ಬರೋಣ. ಸಾಲಕ್ಕಿಂತಲೂ ಸಾಲದ ಮೊತ್ತ ಗೊತ್ತಿಲ್ಲದಿರುವುದೇ ಹೆಚ್ಚು ನಿದ್ರೆಯನ್ನು ಕೆಡಿಸುವುದೆಂದರೆ ಕೆಲವರು ನಗಬಹುದು. ಆದರೆ ಹತ್ತು ಮಂದಿ ಸಾಲಿಗರನ್ನು ಕುಳ್ಳಿರಿಸಿ ಒಟ್ಟು ಬಾಕಿ ಎಷ್ಟೆಂದು ಕೇಳಿದರೆ, ತಡವರಿಸದೆ ಹೇಳುವವರು ಇಬ್ಬರೋ ಮೂವರೋ. ಅಂಗಡಿಯವನದು ಇಷ್ಟಿರಬಹುದು, ಭಾವಮೈದುನನದು ಬಡ್ಡಿ ಬೇಡವೆಂದಿದ್ದನು, ಗೊಬ್ಬರದವನ ಚೀಟಿ ಎಲ್ಲಿಯೋ ಇದೆ, ಹೀಗೆ ಹೇಳುವರು. ಅಂಕಿಯಿಲ್ಲದ ಸಾಲವು ರಾತ್ರಿಯ ಹೊತ್ತು ಬೆಳೆಯುತ್ತದೆ. ಆದಕಾರಣ ಒಂದು ಹಾಳೆಯ ಮೇಲೆ ಯಾರಿಗೆ, ಎಷ್ಟು, ಯಾವ ಬಡ್ಡಿಗೆ, ಯಾವ ತಿಂಗಳಿಗೆ ಎಂದು ಬರೆದುಬಿಡಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯೆಂದರೆ ಕೇಳುವುದಕ್ಕೆ ಅಲ್ಪವಾಗಿ ತೋರುವುದು. ಬರೆದು ನೋಡಿದರೆ ೫೦,೦೦೦ ರೂಪಾಯಿಗೆ ವರ್ಷಕ್ಕೆ ೧೮,೦೦೦ ಬಡ್ಡಿಯಾಯಿತು. ಹಾಗೆ ಬರೆದಾಗಲೇ ಯಾವುದನ್ನು ಮೊದಲು ತೀರಿಸಬೇಕು, ಯಾವುದನ್ನು ಸಹಕಾರ ಸಂಘದ ಸಾಲದಿಂದ ಬದಲಾಯಿಸಬೇಕೆಂಬುದು ಕಣ್ಣಿಗೆ ಕಾಣುವುದು.

ಈ ಕಾರ್ಯದಲ್ಲಿ ಗ್ರಾಮದ ಮುಖ್ಯಸ್ಥನು ಏನು ಮಾಡಬಲ್ಲನೆಂಬುದಕ್ಕೆ ನಮ್ಮಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು, ೧೯೦೪ರ ಸಹಕಾರ ಕಾಯಿದೆಯು ಬಂದ ಮರುವರ್ಷವೇ, ೧೯೦೫ರಲ್ಲಿ, ವ್ಯವಸಾಯಗಾರರ ಪತ್ತಿನ ಸಂಘವೊಂದನ್ನು ಸ್ಥಾಪಿಸಿದರು. ಆ ಕಾಯಿದೆಯ ಮೇರೆಗೆ ಹುಟ್ಟಿದ ವ್ಯವಸಾಯ ಪತ್ತಿನ ಸಂಘಗಳಲ್ಲಿ ಅದೇ ದೇಶಕ್ಕೆ ಮೊದಲನೆಯದೆಂದು ಹೆಸರಾಗಿದೆ. ಒಬ್ಬೊಬ್ಬನೇ ಸಾಹುಕಾರನ ಕಟ್ಟೆಯ ಮುಂದೆ ತಲೆತಗ್ಗಿಸಿ ನಿಲ್ಲುತ್ತಿದ್ದ ರೈತರು, ಒಟ್ಟಿಗೆ ಕುಳಿತು ತಮ್ಮ ಹಣದ ಲೆಕ್ಕವನ್ನು ತಾವೇ ಓದುವಂತಾದುದು ಸಾಮಾನ್ಯ ಸಂಗತಿಯಲ್ಲ. ಸಂಘವು ಬಡ್ಡಿಯನ್ನು ಇಳಿಸಿತೆಂಬುದನ್ನು ಎಲ್ಲರೂ ಬರೆಯುತ್ತಾರೆ. ಸಾಲವೆಂಬುದನ್ನು ಗುಟ್ಟಿನಿಂದ ಹೊರಕ್ಕೆ ತಂದು ನಾಲ್ವರ ಲೆಕ್ಕದ ವಿಷಯವನ್ನಾಗಿ ಮಾಡಿತೆಂಬುದು ಅಷ್ಟೇ ದೊಡ್ಡ ಉಪಕಾರವೆಂದು ಈ ಲೇಖಕನ ಅಭಿಪ್ರಾಯ.

ಗುಟ್ಟಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕಾಗಿದೆ. ಎಷ್ಟೋ ಮನೆಗಳಲ್ಲಿ ಯಜಮಾನನು ತನ್ನ ಸಾಲವನ್ನು ಹೆಂಡತಿಗೂ ಬೆಳೆದ ಮಕ್ಕಳಿಗೂ ತಿಳಿಸುವುದಿಲ್ಲ. ಅವರಿಗೇಕೆ ನೋವೆಂಬುದು ಅವನ ಭಾವನೆ. ಆದರೆ ಅನ್ನವನ್ನು ಬಿಟ್ಟು ಏಳುವುದನ್ನೂ, ಮಾತಿಗೆ ಮಾತು ಕಟಕಿಯಾಗುವುದನ್ನೂ ಅವರು ಕಾಣದೆ ಇಲ್ಲ. ಕಾರಣ ತಿಳಿಯದ ಭಯವು ಕಾರಣ ತಿಳಿದ ಕಷ್ಟಕ್ಕಿಂತ ಹಿರಿದು. ಒಡವೆಯನ್ನು ಮಾರುವುದೋ, ಮದುವೆಯನ್ನು ಒಂದು ವರ್ಷ ಮುಂದೂಡುವುದೋ, ಸ್ತ್ರೀಶಕ್ತಿ ಸಂಘದಲ್ಲಿ ಕೇಳುವುದೋ ಎಂಬ ಆಲೋಚನೆಗಳು ಒಳಮನೆಯಿಂದಲೇ ಬರುವುದನ್ನು ನಾವು ಕಂಡಿದ್ದೇವೆ.

ಬೆಲೆಯ ಚಿಂತೆಗೆ ಎರಡೇ ಮಾತು. ಕೈಯಲ್ಲಿ ಹಿಡಿದ ದೂರವಾಣಿಯಲ್ಲಿ ಗಳಿಗೆಗೊಮ್ಮೆ ಮಾರುಕಟ್ಟೆಯ ಧಾರಣೆಯನ್ನು ನೋಡುವುದು ಈಚಿನ ಹೊಸ ವ್ಯಾಧಿಯಾಗಿದೆ. ಅದನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿದರೆ ಸಾಕು. ಮತ್ತು ಕೆಡದೆ ನಿಲ್ಲುವ ರಾಗಿ, ಕೊಬ್ಬರಿ, ಅಡಕೆಯಂಥ ಮಾಲಾದರೆ, ಇಷ್ಟು ಭಾಗವನ್ನು ಕಣದಲ್ಲಿಯೇ ಮಾರಿ ಕಂತಿಗೆ ಕೊಡುವೆನು, ಇಷ್ಟನ್ನು ಇಂಥ ತಿಂಗಳವರೆಗೆ ಇಡುವೆನು ಎಂದು ಕೊಯ್ಲಿಗೆ ಮೊದಲೇ ನಿಶ್ಚಯಿಸಿ ಬರೆದಿಡುವುದು. ಟೊಮೇಟೊ ಬೆಳೆದವನಿಗೆ ಈ ಸೌಕರ್ಯವಿಲ್ಲ. ಅವನು ತನ್ನ ಭೂಮಿಯೆಲ್ಲವನ್ನೂ ಅದೊಂದಕ್ಕೇ ಕೊಡದಿರುವುದು ಲೇಸು.

ರಾತ್ರಿಯ ವಿಷಯ ಉಳಿದಿದೆ. ಪಟ್ಟಣದ ವೈದ್ಯರು ನಿದ್ರೆ ಬಾರದವನಿಗೆ ನಡೆದಾಡಲು ಹೇಳುತ್ತಾರೆ. ಹಗಲೆಲ್ಲ ಕುಂಟೆ ಹೊಡೆದವನಿಗೆ ಆ ಮಾತು ಹಾಸ್ಯಾಸ್ಪದ. ಅವನ ಮೈ ಮಲಗಲು ಸಿದ್ಧವಾಗಿಯೇ ಇರುತ್ತದೆ. ಮೈಯ ಕೆಲಸ ನಿಂತೊಡನೆ ಮನಸ್ಸು ತನ್ನ ಕೆಲಸವನ್ನು ತೊಡಗುವುದೇ ತೊಂದರೆ. ಇದಕ್ಕೆ ಥಾಮಸ್ ಬಾರ್ಕೊವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನೂ ಅವನ ಸಂಗಡಿಗರೂ ೧೯೮೩ರಲ್ಲಿ ಒಂದು ವಿಚಿತ್ರವಾದ ಉಪಾಯವನ್ನು ಪರೀಕ್ಷಿಸಿದರು. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿನಲ್ಲಿ, ಒಂದೇ ಸ್ಥಳದಲ್ಲಿ ಕುಳಿತು ಚಿಂತಿಸುವುದು. ಮಿಕ್ಕ ಹೊತ್ತಿನಲ್ಲಿ ಚಿಂತೆ ಬಂದರೆ ಆ ಹೊತ್ತಿಗೆ ಬಾ ಎಂದು ಅದನ್ನು ಕಳುಹಿಸಿಬಿಡುವುದು. ಹೀಗೆ ಮಾಡಿದವರ ಚಿಂತೆಯು ಒಟ್ಟಿನಲ್ಲಿ ಕಡಮೆಯಾಯಿತು. ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಕಟ್ಟೆಯ ಮೇಲೆ ಕುಳಿತು ಇದನ್ನು ಮಾಡಬಹುದು. ಹಾಸಿಗೆಯ ಮೇಲೆ ಮಾತ್ರ ಕೂಡದು. ಮಲಗುವ ಮುನ್ನ ಐದು ನಿಮಿಷ ನಾಳೆಯ ಕೆಲಸಗಳನ್ನು ಚೀಟಿಯಲ್ಲಿ ಬರೆದಿಟ್ಟವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ೯ ನಿಮಿಷ ಬೇಗ ನಿದ್ರೆ ಹತ್ತಿತೆಂದು ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದವರು ೨೦೧೮ರಲ್ಲಿ ಪ್ರಕಟಿಸಿದ್ದಾರೆ. ಪರೀಕ್ಷೆಗೆ ಒಳಗಾದವರು ೫೭ ಮಂದಿ ತರುಣರು ಮಾತ್ರ. ಆದರೆ ಖರ್ಚಿಲ್ಲದ ಉಪಾಯವಾದ್ದರಿಂದ ಮಾಡಿ ನೋಡಲು ಅಡ್ಡಿಯಿಲ್ಲ.

ಉಸಿರಾಟದಿಂದಲೂ ಪ್ರಯೋಜನವುಂಟು. ತಲೆಹೊರೆಯನ್ನು ಇಳಿಸಿದವನು ತಾನಾಗಿಯೇ ಒಂದು ದೀರ್ಘವಾದ ಉಸಿರನ್ನು ಬಿಡುತ್ತಾನಷ್ಟೆ. ಅದನ್ನೇ ಬೇಕೆಂದು ಮಾಡುವುದು: ಮೂಗಿನಿಂದ ನಿಧಾನವಾಗಿ ಒಳಕ್ಕೆ ತೆಗೆದುಕೊಂಡು, ಅದಕ್ಕಿಂತಲೂ ನಿಧಾನವಾಗಿ ಹೊರಕ್ಕೆ ಬಿಡುವುದು, ಐದು ನಿಮಿಷ. ಉಸಿರನ್ನು ಹೊರಬಿಡುವಾಗ ಎದೆಯ ಬಡಿತವು ಸ್ವಲ್ಪ ನಿಧಾನವಾಗುವುದು ಶರೀರದ ಧರ್ಮ. ಹೆಂಡ ಸಾರಾಯಿಗಳು ಬೇಗ ನಿದ್ರೆ ತರುವಂತೆ ತೋರಿದರೂ ನಡುರಾತ್ರಿಯ ಮೇಲೆ ಎಚ್ಚರಗೊಳಿಸುವುವು. ಮರುದಿನದ ಚಿಂತೆಗೆ ಅಂಗಡಿಯ ಬಾಕಿಯೊಂದು ಸೇರುವುದು. ಇಳಿಹೊತ್ತಿನ ಮೇಲೆ ಕಾಫಿಯನ್ನು ಬಿಡುವುದೂ ಒಳ್ಳೆಯದು, ಇದು ನಮ್ಮವರಿಗೆ ರುಚಿಸದೆಂದು ಬಲ್ಲೆವು.

ಇಷ್ಟೆಲ್ಲ ಮಾಡಿಯೂ ಇಳಿಯದ ಭಾರವುಂಟು. ಎರಡು ವಾರಗಳಿಗೆ ಮೇಲ್ಪಟ್ಟು ನಿದ್ರೆ ಆಹಾರಗಳು ಕೆಟ್ಟವನು, ಹೊಲದ ಕಡೆ ಹೋಗುವುದನ್ನು ಬಿಟ್ಟವನು, ಪ್ರೀತಿಯ ದನಗಳನ್ನು ಕಾರಣವಿಲ್ಲದೆ ಪರರಿಗೆ ಕೊಡುವವನು, ನಾನಿಲ್ಲದಿದ್ದರೆ ನಿಮಗೆಲ್ಲ ಸುಖವೆಂದು ಆಡುವವನು ಚಿಂತೆಯ ಎಲ್ಲೆಯನ್ನು ದಾಟಿ ರೋಗದ ಎಲ್ಲೆಗೆ ಬಂದಿದ್ದಾನೆಂದು ತಿಳಿಯತಕ್ಕದ್ದು. ಅಂಥವನನ್ನು ಒಬ್ಬನನ್ನೇ ಬಿಡಕೂಡದು. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಬಹುದು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದೆಂಬುದು ತಪ್ಪು ತಿಳಿವಳಿಕೆ. ಮನಸ್ಸಿನ ವೈದ್ಯವು ದೊಡ್ಡ ಪಟ್ಟಣಗಳಲ್ಲಿ ಮಾತ್ರ ಸಾಧ್ಯವೆಂಬ ಭಾವನೆಯೂ ಹಳೆಯದಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಿಂದ ಬಳ್ಳಾರಿ ಜಿಲ್ಲೆಯ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಈ ಚಿಕಿತ್ಸೆಯನ್ನು ನಡೆಸಿ ತೋರಿಸಿದರು. ಆ ಮಾದರಿಯ ಮೇಲೆಯೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಪೋಲೀಸಿನ ಭಯದಿಂದ ಇಂಥ ಪ್ರಸಂಗಗಳನ್ನು ಮುಚ್ಚಿಡುವವರೂ ಉಂಟು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು, ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಿ, ಅವನಿಗೆ ಶಿಕ್ಷೆಯನ್ನಲ್ಲದೆ ಆರೈಕೆಯನ್ನು ಕೊಡುವುದು ಸರ್ಕಾರದ ಕರ್ತವ್ಯವೆಂದು ವಿಧಿಸಿದೆ.

ಕೀಟನಾಶಕಗಳ ವಿಷಯದಲ್ಲಿ ಜಮೀನುದಾರರು ವಿಶೇಷ ಎಚ್ಚರಿಕೆ ವಹಿಸಬೇಕು. ಶ್ರೀಲಂಕೆಯಲ್ಲಿ ೧೯೯೫ರಲ್ಲಿ ಅತ್ಯುಗ್ರ ವಿಷಗಳನ್ನೂ, ೧೯೯೮ರಲ್ಲಿ ಎಂಡೋಸಲ್ಫಾನನ್ನೂ ನಿರ್ಬಂಧಿಸಿದ ತರುವಾಯ ಆತ್ಮಹತ್ಯೆಗಳು ಬಹಳವಾಗಿ ಇಳಿದುವು. ಕಷ್ಟದ ಗಳಿಗೆಯು ಸಾಮಾನ್ಯವಾಗಿ ಅಲ್ಪಕಾಲದ್ದು. ಆ ಗಳಿಗೆಯಲ್ಲಿ ವಿಷವು ಕೈಗೆ ಸಿಕ್ಕದಿದ್ದರೆ ಎಷ್ಟೋ ಮಂದಿ ಉಳಿಯುವರು. ಬೇಕಾದಷ್ಟನ್ನೇ ಕೊಂಡು, ಉಳಿದುದನ್ನು ವಾಸದ ಮನೆಯಲ್ಲಿಡದೆ, ಬೀಗವುಳ್ಳ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ನಂಬಿಕೆಯ ಇನ್ನೊಬ್ಬರಲ್ಲಿ ಇಡತಕ್ಕದ್ದು. ಊರಿನ ಸಂಘದ ಉಗ್ರಾಣದಲ್ಲಿ ಎಲ್ಲರ ಔಷಧಿಯನ್ನೂ ಒಟ್ಟಿಗೆ ಇಡುವ ಏರ್ಪಾಟಾದರೆ ಇನ್ನೂ ಉತ್ತಮ.

ಮನಸ್ಸಿನ ಕಷ್ಟವನ್ನು ಹೇಳಿಕೊಳ್ಳಲು ಸರ್ಕಾರದವರು ೨೦೨೨ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದ್ದಾರೆ. ಸಂಖ್ಯೆ ೧೪೪೧೬. ಹಗಲಿರುಳೂ ಉತ್ತರ ದೊರೆಯುವುದು, ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಬೆಳೆಯ ಸಲಹೆಗಾಗಿ ಇರುವ ಕಿಸಾನ್ ಕಾಲ್ ಸೆಂಟರಿನ ಸಂಖ್ಯೆ ೧೮೦೦-೧೮೦-೧೫೫೧. ಈ ಎರಡನ್ನೂ ಪಂಚಾಯಿತಿ ಕಟ್ಟಡ, ಹಾಲಿನ ಡೇರಿ, ಗೊಬ್ಬರದ ಅಂಗಡಿಗಳ ಗೋಡೆಗಳ ಮೇಲೆ, ಶಾಲೆಯ ಮಕ್ಕಳೂ ದೂರದಿಂದ ಓದಿ ಮನೆಯಲ್ಲಿ ಹೇಳುವಷ್ಟು ದಪ್ಪಕ್ಷರಗಳಲ್ಲಿ ಬರೆಯಿಸುವುದಕ್ಕೆ ಒಂದು ಡಬ್ಬಿ ಬಣ್ಣವೂ ಒಂದು ಬೆಳಗೂ ಸಾಕು.